ಮಲಕವ್ವನ ಹೊಟ್ಟೆಗೆ ಒಗ್ಗುವ ಗಾಡಿ

ಚಿಂಚಲಿಯ ಮಲಕವ್ವ ನಡಿಗೆಯಲ್ಲಿ ಯಾರಿಗೂ ಸೋತವಳಲ್ಲ. ಹರೆಯದಲ್ಲಿ ಗಂಡ ಭೀಮಸಿಯ ಜೊತೆ ಕುರಿಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗುಂಟ ಕುಡಚಿ ದಾಟಿ, ಅಥಣಿ ಸೀಮೆಯನ್ನೆಲ್ಲ ಸುತ್ತಿ, ಮಳೆ ಬೀಳುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಬಗಲಲ್ಲಿ ಕೂಸು, ತಲೆಯ ಮೇಲೆ ಗಂಟು, ಕಣ್ಣ ಮುಂದೆ ಕುರಿ. ಈಗ ಹಿಂಡು ಕರಗಿದೆ. ಹಟ್ಟಿಯಲ್ಲಿ ಉಳಿದಿರುವುದು ನಾಲ್ಕಾರು ಕುರಿ, ಒಂದು ಎಮ್ಮೆ. ಮನೆಯ ಹಿಂದಿನ ತುಂಡು ಹೊಲದಲ್ಲಿ ಕಬ್ಬು. ಆದರೆ ಕಾಲುಗಳು ಮಾತ್ರ ಹಾಗೇ ಇವೆ. ಸಂತೆಗೆ ಹೊರಟರೆ ಸೊಸೆ ಉಜ್ವಲಾ ಹಿಂದೆ ಬಿದ್ದು, "ಅತ್ತಿ, ಸಾವಕಾಶ ನಡೀರಿ, ಸಂತಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಕೂಗಬೇಕಾಗುತ್ತದೆ.

ಇಂಥ ಮಲಕವ್ವನನ್ನು ಬಾಗಿಲು ಹಾಕುವ ಗಾಡಿಯೊಳಗೆ ಕೂರಿಸಿದರೆ ಅಷ್ಟೇ, ಮುಗಿಯಿತು. ಊರ ಅಗಸಿ ದಾಟುವುದರೊಳಗೆ ಮಾತು ನಿಲ್ಲುತ್ತದೆ. ಆಮೇಲೆ ಬಾಯಲ್ಲಿ ನೀರೂರುತ್ತದೆ, ಹಣೆ ತಣ್ಣಗಾಗುತ್ತದೆ, ಸೆರಗು ಬಾಯಿಗೆ ಹೋಗುತ್ತದೆ. ಮೂಗಿಗೆ ನಿಂಬೆಹಣ್ಣು ಹಿಡಿದದ್ದಾಯಿತು, ಹಲ್ಲಿನ ನಡುವೆ ಶುಂಠಿ ಇಟ್ಟದ್ದಾಯಿತು, ಯಾರೋ ಹೇಳಿದರೆಂದು ಹೊಕ್ಕುಳ ಮೇಲೆ ಹಳೇ ಪೇಪರ್ ಕಟ್ಟಿಕೊಂಡದ್ದೂ ಆಯಿತು. ಹೊಟ್ಟೆ ಯಾವುದಕ್ಕೂ ಜಗ್ಗಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಏನೂ ಆಗುವುದಿಲ್ಲ, ಟ್ರ್ಯಾಕ್ಟರಿನ ಮೇಲೆ ಏನೂ ಆಗುವುದಿಲ್ಲ, ಮಗನ ಮೋಟರ್‌ಸೈಕಲ್ ಮೇಲೂ ಏನೂ ಆಗುವುದಿಲ್ಲ. ಆದರೆ ಮೋಟರ್‌ಸೈಕಲ್ ಮೇಲೆ ನಿಪ್ಪಾಣಿತನಕ ಕೂರಲು ಈಗ ಸೊಂಟ ಒಪ್ಪುವುದಿಲ್ಲ.

ನಿಪ್ಪಾಣಿಯ ಮಾತು ಯಾಕೆಂದರೆ, ಮಗಳು ರೂಪಾಲಿಯನ್ನು ಕೊಟ್ಟದ್ದು ಅಲ್ಲಿಗೆ. ಮದುವೆ ಗಂಡಿನ ಮನೆಯಲ್ಲೇ ನಡೆದಿತ್ತು. ದಿಬ್ಬಣದ ಜೀಪಿನಿಂದ ಮಲಕವ್ವನನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಇಳಿಸಿ, ಒಳಗಿನ ಕೋಣೆಯಲ್ಲಿ ಮಲಗಿಸಿದ್ದರು. ಹೆತ್ತ ಮಗಳ ತಲೆಯ ಮೇಲೆ ಅಕ್ಷತೆ ಬಿದ್ದದ್ದು ಅವಳಿಗೆ ಗೊತ್ತಾದದ್ದು ಬ್ಯಾಂಡಿನ ಸದ್ದಿನಿಂದ. ಆಮೇಲೆ ವಿಡಿಯೋದಲ್ಲಿ ನೋಡಿದಳು, ನಿಜ. ಆದರೆ ಅದರಲ್ಲಿ ಮಗಳಿಗಿಂತ ಹೆಚ್ಚಾಗಿ ಕಾಣಿಸಿದ್ದು ಭೀಮಸಿಯ ತಲೆಗೆ ಸುತ್ತಿದ ಪಟಕ. ಅವನು ಎಲ್ಲರಿಗಿಂತ ಮುಂದೆ ನಿಂತಿದ್ದ.

ಈಗ ರೂಪಾಲಿ, ಅವಳ ಗಂಡ ಸೇರಿ ನಿಪ್ಪಾಣಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ವಾಸ್ತುವಿಗೆ ದಿನ ಗೊತ್ತಾಗಿತ್ತು. ತವರಿನ ಆಯೇರಿ, ಅಂದರೆ ಸೀರೆ, ಧೋತರ, ಮಕ್ಕಳ ಬಟ್ಟೆ, ಎಲ್ಲ ತಾಯಿಯ ಕೈಯಿಂದ ಹೋಗಬೇಕು. ರೂಪಾಲಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಯವ್ವಾ, ಹಾಲ ಉಕ್ಕಿಸೂ ಹೊತ್ತಿನ್ಯಾಗ ನೀ ನನ್ನ ಬಾಜೂಕ ನಿಂತಿರಬೇಕ. ಹಾಸಿಗಿ ಮ್ಯಾಲ ಅಲ್ಲ, ನೋಡ ಮತ್ತ."

"ನಿಲ್ತೇನಿ" ಎಂದಿದ್ದಳು ಮಲಕವ್ವ. ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಕಾರಿನ ಗಾಳಿ ಬೀಸತೊಡಗಿತ್ತು. ಮಗ ನಾಮದೇವ ಶಿರಗುಪ್ಪಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಗಿದ್ದ. ಹೆಂಡತಿಯನ್ನೂ ತಂದೆತಾಯಿಯನ್ನೂ ಒಟ್ಟಿಗೆ ಕರೆದೊಯ್ಯಲು ಒಂದು ಗಾಡಿ ಬೇಕು ಎಂದು ವರ್ಷದಿಂದ ಯೋಚಿಸುತ್ತಿದ್ದ. ದೊಡ್ಡದು ಬೇಡ, ಸಣ್ಣ ಎಸ್‌ಯುವಿ ಸಾಕು. ಕಬ್ಬಿನ ಹೊಲದ ಕೊರಕಲು ದಾರಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಿಕ್ಕಬಾರದು, ರಾಯಬಾಗದ ಪೇಟೆಯಲ್ಲಿ ನಿಲ್ಲಿಸಲು ಜಾಗ ಸಿಗಬೇಕು. ಎರಡು ಗಾಡಿ ಅವನ ಮನಸ್ಸಿನಲ್ಲಿ ಕೂತಿದ್ದವು. ಒಂದು ಕೆಂಪು, ಒಂದು ಬಿಳಿ. ಕಂಪನಿ ಬೇರೆ ಬೇರೆ, ಬೆಲೆ ಹೆಚ್ಚುಕಡಿಮೆ ಒಂದೇ. ಕೆಂಪಿಗೆ ಸನ್‌ರೂಫ್ ಇದೆ, ದೊಡ್ಡ ಸ್ಕ್ರೀನ್ ಇದೆ. ಬಿಳಿಗೆ ಡಿಕ್ಕಿ ದೊಡ್ಡದು, ಮೈಲೇಜ್ ಜಾಸ್ತಿ. ದಿನಾ ಊಟಕ್ಕೆ ಕೂತಾಗ ತಂಬಿಗೆಗೆ ಮೊಬೈಲು ಆನಿಸಿಟ್ಟು ಇವೆರಡರ ಹೋಲಿಕೆಯ ವಿಡಿಯೋ ಹಚ್ಚುತ್ತಿದ್ದ. ಅದರಲ್ಲಿ ಯಾರೋ ಒಬ್ಬ ಕಾರಿನ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಸದ್ದು ಕೇಳಿಸುತ್ತಿದ್ದ.

"ಕೆಂಪದ ತಗೊಳ್ಳೂಣು" ಎನ್ನುತ್ತಿದ್ದ ನಾಮದೇವ. "ಮ್ಯಾಲ ಗ್ಲಾಸ್ ಸರಿಸಿದ್ರ ಆಕಾಶ ಕಾಣತೈತಿ."

"ನಿಮ್ಮ ಮನ್ಯಾಗ ಆಕಾಶಕ್ಕ ಬರಗಾಲ ಬಿದ್ದೈತೇನ್ರಿ?" ಎನ್ನುತ್ತಿದ್ದಳು ಉಜ್ವಲಾ. "ಅಂಗಳಕ್ಕ ಬಂದ್ರ ಬೇಕಾದಷ್ಟ ಐತಿ. ಬಿಳಿದರಾಗ ಡಿಕ್ಕಿ ನೋಡ್ರಿ, ಸಂತಿ ಪೂರಾ ಹಿಡಸತೈತಿ."

ಭೀಮಸಿ ಎರಡನ್ನೂ ನೋಡಿ, "ಎರಡೂ ಒಂದ ಕುರಿ ಹೊಟ್ಟ್ಯಾಗ ಹುಟ್ಟಿದ ಅವಳಿ ಮರಿ ಕಂಡಂಗ ಕಾಣತಾವ. ಕಿವಿಗೆ ಗುರುತ ಕೊಯ್ದ ಬಿಡ್ರಿ, ಇಲ್ಲಂದ್ರ ಅದಲಬದಲ ಆದಾವು" ಎಂದು ಎದ್ದು ಹೋಗುತ್ತಿದ್ದ.

ಮಲಕವ್ವ ಇದನ್ನೆಲ್ಲ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕೇಳುವುದರಲ್ಲಿ ಅವಳಿಗೆ ಬೇಸರವಿಲ್ಲ. ಕೊನೆಗೊಂದು ದಿನ, ವಿಡಿಯೋ ಮುಗಿದ ಮೇಲೆ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಕೇಳಿದಳು: "ಅಲ್ಲಪಾ ನಾಮದೇವ, ಇವೆರಡರಾಗ ಯಾವುದರಾಗ ಕುಂತ್ರ ವಾಂತಿ ಬರಂಗಿಲ್ಲ?"

ನಾಮದೇವ ಮೊಬೈಲು ಒರೆಸಿಕೊಂಡು ಹುಡುಕಿದ. ಏರ್‌ಬ್ಯಾಗ್ ಎಷ್ಟಿವೆ ಎಂದು ಹೇಳುವವರಿದ್ದರು, ಲೋಟ ಇಡಲು ಎಷ್ಟು ಗೂಡಿವೆ ಎಂದು ಎಣಿಸಿದವರಿದ್ದರು. ತಾಯಿಯ ಹೊಟ್ಟೆಯ ಬಗ್ಗೆ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

"ಇದನ್ನ ಯಾರೂ ನೋಡಿಲ್ಲವ್ವ" ಎಂದ ನಾಮದೇವ. ತುಸು ಯೋಚಿಸಿ, ತೊಡೆ ತಟ್ಟಿಕೊಂಡ. "ಹಂಗಾದ್ರ ನಾವ ನೋಡೂಣು. ಎರಡೂ ಗಾಡಿ ಮನಿ ಬಾಗಲಿಗೆ ತರಸ್ತೇನಿ. ನೀ ಕುಂಡರು. ಯಾವುದನ್ನ ನೀ ಪಾಸ್ ಮಾಡತಿ, ಅದ ನಮ್ಮ ಗಾಡಿ. ಮುಗೀತ."

ಹೀಗೆ ಮಲಕವ್ವನ ಹೊಟ್ಟೆ ಆ ಮನೆಯಲ್ಲಿ ತೀರ್ಪು ಕೊಡುವ ಪಂಚರ ಜಾಗದಲ್ಲಿ ಕೂತಿತು.

ಮೊದಲು ಬಂದದ್ದು ಕೆಂಪು ಗಾಡಿ, ಚಿಕ್ಕೋಡಿಯ ಶೋರೂಮಿನಿಂದ. ಅದನ್ನು ತಂದ ಸಂಜಯ ಎಂಬ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ. "ನಮಸ್ಕಾರ್ ಮಾಮಾ! ಕಾಯ್ ಮಾವಶಿ, ಬರ್ಯಾ ಆಹಾತ್ ಕಾ? ಆರಾಮ ಅದೀರೇನ್ರಿ? ಗಾಡಿ ಏಕದಮ್ ಮಖ್ಖನ್ ಐತ್ರಿ. ಕುಂತ್ರ ಎದ್ದ ಬರಬೇಕು ಅನಸಂಗಿಲ್ಲ."

"ನನಗ ಕುಂತ ಕೂಡ್ಲೆ ಇಳೀಬೇಕ ಅನಸತೈತಪಾ" ಎಂದಳು ಮಲಕವ್ವ.

ಭೀಮಸಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಟೈರಿಗೆ ಕಾಲಿನಿಂದ ಒಂದು ಸಣ್ಣ ಒದೆ ಕೊಟ್ಟ. ಬಾನೆಟ್ಟಿನ ಮೇಲೆ ಕೈಯಾಡಿಸಿ, ಕುರಿಯ ಬಾಲ ಎತ್ತಿ ನೋಡುವವನ ಹಾಗೆ ಡಿಕ್ಕಿ ಎತ್ತಿ ನೋಡಿದ. "ಹಲ್ಲ ಹಚ್ಚ್ಯಾವೇನಪಾ ಇದಕ್ಕ?" ಎಂದು, ಸಂತೆಯಲ್ಲಿ ಕುರಿಯ ವಯಸ್ಸು ವಿಚಾರಿಸುವವನಂತೆ, ಸಂಜಯನನ್ನು ಕೇಳಿದ. ಸಂಜಯ ನಗುವುದೋ ಉತ್ತರ ಕೊಡುವುದೋ ತಿಳಿಯದೆ, "ಎರಡ ವರ್ಷ ವಾರಂಟಿ ಐತ್ರಿ ಮಾಮಾ" ಎಂದ.

ಎಲ್ಲರೂ ಹತ್ತಿದರು. ನಾಮದೇವ ಸ್ಟೇರಿಂಗಿಗೆ. ಪಕ್ಕದಲ್ಲಿ ಭೀಮಸಿ. ಮುಂದಿನ ಸೀಟು ಮನೆಯ ಹಿರಿಯ ಗಂಡಸಿನದು. ಅದನ್ನು ಯಾರೂ ಗೊತ್ತು ಮಾಡಿದ್ದಲ್ಲ, ಯಾರೂ ಕೇಳಿದ್ದೂ ಇಲ್ಲ. ಬಾಡಿಗೆ ಜೀಪಿನಿಂದ ಹಿಡಿದು ಬೀಗರ ಕಾರಿನವರೆಗೆ ಅದು ಹಾಗೇ ನಡೆದು ಬಂದಿತ್ತು. ಹಿಂದೆ ಸಂಜಯ, ಉಜ್ವಲಾ, ಅವರ ನಡುವೆ ಮಲಕವ್ವ. ಸನ್‌ರೂಫ್ ಸರಿಯಿತು. ಆಕಾಶ ಕಂಡಿತು. ಗಾಡಿ ರಾಯಬಾಗದ ರಸ್ತೆ ಹಿಡಿದು, ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿ, ಇನ್ನೊಂದನ್ನು ಹಿಂದೆ ಹಾಕಲು ಬಲಕ್ಕೆ ಸರಿಯಿತು. ಅಷ್ಟರಲ್ಲಿ ಮಲಕವ್ವನ ಮಾತು ನಿಂತಿತ್ತು.

"ಮಾವಶಿ, ಪಿಕಪ್ ನೋಡ್ರಿ" ಎಂದ ಸಂಜಯ ಅವಳತ್ತ ತಿರುಗಿ. ಅವಳ ಮುಖ ಕಂಡು ತನ್ನ ಇಸ್ತ್ರಿ ಅಂಗಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. "ಥಾಂಬಾ ಥಾಂಬಾ! ನಿಲ್ಲಸ್ರಿ!"

ನಿಲ್ಲಿಸಿದರು. ಅಂಗಿ ಉಳಿಯಿತು. ಕೆಂಪು ಗಾಡಿ ಉಳಿಯಲಿಲ್ಲ. ಮಲಕವ್ವ ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತು ಬಾಯಿ ಮುಕ್ಕಳಿಸಿ, "ಇದು ಫೇಲ್" ಎಂದು ಕೈ ಆಡಿಸಿದಳು. ಮನೆಗೆ ಅವಳು ನಡೆದೇ ಬಂದಳು. ಕೆಂಪು ಗಾಡಿ ಅವಳ ಹಿಂದೆ ಹಿಂದೆ ಮೆಲ್ಲಗೆ ಬಂತು.

ಬಿಳಿ ಗಾಡಿಯನ್ನು ಅಥಣಿಯ ಶೋರೂಮಿನಿಂದ ತಾನೇ ಹೊಡೆದುಕೊಂಡು ಬಂದವಳು ಸಾರಿಕಾ ಎಂಬ ಹುಡುಗಿ. ಅವಳು ಬಂದ ಹೊತ್ತಿಗೆ ಭೀಮಸಿ ಅಂಗಳದಲ್ಲಿ ಒಂದು ಕುಂಟು ಕುರಿಯ ಕಾಲು ಹಿಡಿದು ಕೂತಿದ್ದ. ಕಾಲು ಉಳುಕಿ ಎರಡು ದಿನದಿಂದ ಅದು ಮೇವು ಬಿಟ್ಟಿತ್ತು. ಗಾಡಿ ಕಂಡದ್ದೇ ಅವನ ಮುಖ ಅರಳಿತು.

"ಟೆಸ್ಟ್ ಡ್ರೈವ್ ಅಂದ್ರ ಎಲ್ಲಿತನಾ ಹೋಗಬಹುದವ್ವ?"

"ರಾಯಬಾಗತನಾ ಹೋಗಿ ಬರೂಣ್ರಿ ಕಾಕಾ" ಎಂದಳು ಸಾರಿಕಾ.

"ಬೇಷ್ ಆತು. ದನದ ದವಾಖಾನಿ ಅಲ್ಲೇ ಐತಿ."

ಸಾರಿಕಾಗೆ ಅರ್ಥವಾಗುವುದರೊಳಗೆ ಭೀಮಸಿ ಕುರಿ ಎತ್ತಿ ಎದೆಗವಚಿಕೊಂಡಿದ್ದ. "ಅಪ್ಪಾ, ಹೊಸಾ ಗಾಡಿ ಐತಿ, ಅವರದು!" ಎಂದು ನಾಮದೇವ ಹೌಹಾರಿದ. "ಅದಕ್ಕ ಅಂತೀನಿ, ನಮ್ಮದಾದ ಮ್ಯಾಲ ಹೊಲಸ ಮಾಡಾಕ ಬರಂಗಿಲ್ಲ" ಎಂದ ಭೀಮಸಿ. ಉಜ್ವಲಾ ನಗು ತಡೆಯಲಾರದೆ ಒಳಗೆ ಹೋಗಿ ಗೋಣಿಚೀಲ ತಂದು ಹಿಂದಿನ ಸೀಟಿನ ಮೇಲೆ ಹಾಸಿ, "ನಾ ಮನ್ಯಾಗ ಇರ್ತೇನ್ರಿ, ಅಲ್ಲಿ ಜಾಗಾ ಇಲ್ಲ" ಎಂದಳು. ಸಾರಿಕಾ ಒಂದು ಗಳಿಗೆ ಬೆಪ್ಪಾಗಿ ನಿಂತಳು. ಆಮೇಲೆ, ಗಿರಾಕಿ ಕೈತಪ್ಪಬಾರದೆಂದೋ ಕುರಿಯ ಮುಖ ನೋಡಿಯೋ, "ಹೋಗ್ಲಿ ಬಿಡ್ರಿ, ಡಿಕ್ಕಿ ಅಲ್ಲ, ಸೀಟ್ ಟೆಸ್ಟ್ ಆಗಲಿ" ಎಂದು ನಕ್ಕಳು.

ಹಿಂದೆ ಒಂದು ಬದಿಗೆ ಭೀಮಸಿ, ಅವನ ತೊಡೆಯ ಮೇಲೆ ತಲೆಯಿಟ್ಟು ಕುರಿ, ಇನ್ನೊಂದು ಬದಿಗೆ ಬಾಗಿಲಿಗೆ ಅಂಟಿಕೊಂಡು ಸಾರಿಕಾ. ಮಲಕವ್ವನಿಗೆ ಉಳಿದದ್ದು ಸ್ಟೇರಿಂಗ್ ಹಿಡಿದ ನಾಮದೇವನ ಪಕ್ಕದ ಮುಂದಿನ ಸೀಟು.

ಆ ದಿನ ಅವಳು ರಾಯಬಾಗದವರೆಗೆ ಮಾತು ನಿಲ್ಲಿಸಲಿಲ್ಲ. "ಎಮ್ಮಿ ಬಂತ ನೋಡ ನಾಮದೇವ, ಸಾವಕಾಶ... ಆ ಹೊಲದಾಗಿನ ಗೋವಿನಜ್ವಾಳ ಯಾರದೋ, ಚೊಲೊ ಬಂದೈತಿ... ಏ, ತಿರುವ ಐತಿ, ತಿರುವ ಐತಿ." ಹಿಂದಿನಿಂದ ಕುರಿ ಒಮ್ಮೊಮ್ಮೆ ಹೌದು ಹೌದು ಎಂಬಂತೆ ಅರಚಿತು. ದವಾಖಾನೆ ಮುಂದೆ ಇಳಿದಾಗ ನಾಮದೇವ ತಾಯಿಯ ಮುಖವನ್ನೇ ನೋಡುತ್ತಿದ್ದ.

"ಅವ್ವಾ, ಹೊಟ್ಟಿ ಹೆಂಗೈತಿ?"

ಮಲಕವ್ವ ಆಗ ನೆನಪಾದವಳಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅದು ತನ್ನ ಪಾಡಿಗೆ ತಾನು ಇತ್ತು. "ಏನೂ ಆಗಿಲ್ಲಲೇ!" ಎಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಸಾರಿಕಾ ಮಾತ್ರ ನೋಡಿದಳು.

ಡಾಕ್ಟರು ಕುರಿಯ ಕಾಲಿಗೆ ಪಟ್ಟಿ ಕಟ್ಟಿದರು. ನಾಮದೇವ ಬಿಳಿ ಗಾಡಿಗೆ ಬುಕಿಂಗ್ ಮಾಡಿದ. ಸನ್‌ರೂಫಿನ ಆಸೆ ಹೋದದ್ದಕ್ಕೆ ಅವನು ಒಂದು ವಾರ ಮೊಬೈಲು ಮುಟ್ಟಲಿಲ್ಲ. ಭೀಮಸಿ ಮಾತ್ರ ಹೋದಲ್ಲೆಲ್ಲ ಹೇಳುತ್ತಿದ್ದ: "ಕೆಂಪದು ಉಷ್ಣದ ಗಾಡಿ. ಬಿಳಿದು ತಂಪ. ನಮ್ಮ ಮನಿಯವರ ಹೊಟ್ಟಿಗೆ ತಂಪ ಒಗ್ಗತೈತಿ." ಜನ ತಲೆಯಾಡಿಸುತ್ತಿದ್ದರು. ಒಂದಿಬ್ಬರು ತಮ್ಮ ಗಾಡಿಗಳ ಬಣ್ಣದ ಬಗ್ಗೆಯೂ ಯೋಚಿಸತೊಡಗಿದರು.

ವಾಸ್ತುವಿಗೆ ಮುಂಚೆಯೇ ಗಾಡಿ ಮನೆಗೆ ಬಂತು. ಮಲಕವ್ವ ಗಾಲಿಗೆ ನೀರು ಹಾಕಿ, ಬಾನೆಟ್ಟಿಗೆ ಊರದೇವಿ ಮಾಯಕ್ಕನ ಭಂಡಾರ ಹಚ್ಚಿದಳು. ಉಜ್ವಲಾ ಎಷ್ಟು ಒರೆಸಿದರೂ ಆ ಅರಿಶಿನ ಇವತ್ತಿಗೂ ನಂಬರ್ ಪ್ಲೇಟಿನ ಸಂದಿಯಲ್ಲಿ ಇದೆ.

ನಿಪ್ಪಾಣಿಗೆ ಹೊರಟ ಮುಂಜಾನೆ ಭೀಮಸಿ ಹೊಸ ಗುಲಾಬಿ ಪಟಕ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಗಾಜು ಪೂರ್ತಿ ಇಳಿಸಿದ್ದ. ತಾನು ಊರನ್ನು ನೋಡಬೇಕೆಂದಲ್ಲ, ಊರು ತನ್ನನ್ನು ನೋಡಬೇಕೆಂದು. ಹಿಂದೆ ಉಜ್ವಲಾ, ಆಯೇರಿಯ ಗಂಟು, ಮಲಕವ್ವ. ಅವಳು ಹಸಿರು ಇಳಕಲ್ಲ ಸೀರೆ ಉಟ್ಟು, ನಿಂಬೆ ಇಲ್ಲದೆ, ಶುಂಠಿ ಇಲ್ಲದೆ, ಹೊಟ್ಟೆ ತುಂಬ ರೊಟ್ಟಿ ಉಂಡು ಹತ್ತಿದ್ದಳು. ಅಷ್ಟು ನಂಬಿಕೆ ಆ ಗಾಡಿಯ ಮೇಲೆ.

ರಾಯಬಾಗ ಬರುವುದರೊಳಗೆ ಮಾತು ನಿಂತಿತು. ಅವಳೇ ತನಗೆ ತಾನು, ಇದು ಆಕಳಿಕೆ, ನಿದ್ದೆ ಸಾಲದ್ದು ಎಂದು ಹೇಳಿಕೊಂಡಳು. ಚಿಕ್ಕೋಡಿಯ ದಾರಿ ಹಿಡಿದ ಮೇಲೆ ಹಣೆ ತಣ್ಣಗಾಯಿತು. ಸೆರಗು ಬಾಯಿಗೆ ಹೋದದ್ದನ್ನು ನೋಡಿ ಉಜ್ವಲಾ, "ರೀ, ನಿಲ್ಲಸ್ರಿ! ಅತ್ತಿ..." ಎಂದು ಚೀರಿದಳು.

ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಮಲಕವ್ವ ಕುಕ್ಕರುಗಾಲಲ್ಲಿ ಕೂತಳು. ನಾಮದೇವನಿಗೆ ಸಿಟ್ಟು ಬಂದಿತ್ತು. "ಮೋಸ ಮಾಡ್ಯಾರ. ಟೆಸ್ಟಿಗೆ ಒಂದ ಗಾಡಿ, ಕೈಗೆ ಕೊಟ್ಟದ್ದ ಇನ್ನೊಂದ" ಎನ್ನುತ್ತ ಅಲ್ಲಿಂದಲೇ ಸಾರಿಕಾಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ.

"ಮೇಡಮ್, ಅವತ್ತಿನ ಗಾಡಿ ಬ್ಯಾರೆ ಇತ್ತೇನ್ರಿ? ನಮ್ಮ ಅವ್ವಗ ಮತ್ತ ವಾಂತಿ ಬಂದೈತಿ."

"ಅಯ್ಯ, ಅದ ಮಾಡೆಲ್ ರಿ ಅಣ್ಣಾ. ಅದ ಇಂಜಿನ್, ಅದ ಸೀಟ್. ಕೂದಲೆಳಿ ಫರಕ್ ಇಲ್ಲ." ಆ ಕಡೆಯಿಂದ ಸಾರಿಕಾಳ ನಗು ಕೇಳಿಸಿತು. "ಫರಕ್ ಅಂದ್ರ ಅವತ್ತ ಗಾಡ್ಯಾಗ ಕುರಿ ಇತ್ತ ನೋಡ್ರಿ, ಅಷ್ಟ."

ಅವಳು ನಗೆಯಾಡಿದ್ದಳು. ಆದರೆ ಭೀಮಸಿ ನಗಲಿಲ್ಲ. ಪಟಕದೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡು, "ಖರೆ ಐತಿ" ಎಂದ. "ಹುಟ್ಟಿದಾಗಿಂದ ಈಕಿ ಮೂಗಿಗೆ ಕುರಿ ವಾಸನಿ ರೂಢಿ. ಹೊಸಾ ಗಾಡಿ ವಾಸನಿ ಆಗಿ ಬರಂಗಿಲ್ಲ. ಅವತ್ತ ಕುರಿ ವಾಸನಿ ಗಾಡಿ ವಾಸನಿನ್ನ ಮುಚ್ಚಿಬಿಟ್ಟಿತ್ತ."

"ಹಂಗಂತ ಈಗ ಕುರಿ ಎಲ್ಲಿಂದ ತರೂದಪಾ?" ಎಂದ ನಾಮದೇವ.

"ಅಲ್ನೋಡ."

ರಸ್ತೆಯಾಚೆ ಕಬ್ಬು ಕಡಿದ ಹೊಲದಲ್ಲಿ ಒಂದು ಹಿಂಡು ಮೇಯುತ್ತಿತ್ತು. ಕೋಲಿಗೆ ಗದ್ದ ಊರಿ ನಿಂತಿದ್ದ ಕುರುಬನ ಹತ್ತಿರ ಭೀಮಸಿ ನಡೆದು ಹೋದ. ಅವನ ಹೆಸರು ಮಾಳೇಶ. ಗುಲಾಬಿ ಪಟಕದ ಹಿರಿಯನೊಬ್ಬ ಹೊಸ ಕಾರಿನಿಂದ ಇಳಿದು ಬಂದು ಹಳೇ ಕಂಬಳಿ ಕೇಳುವುದು ಮಾಳೇಶನಿಗೆ ವಿಚಿತ್ರವೆನಿಸಿತು.

"ಯಾಕ್ರಿ ಕಾಕಾ, ಕಾರಿನ್ಯಾಗ ಥಂಡಿ ಆತೇನ್ರಿ?"

"ಇಲ್ಲಪಾ, ವಾಸನಿಗೆ ಬೇಕ."

ಮಾಳೇಶ ಇನ್ನೇನೂ ಕೇಳದೆ ಹೆಗಲ ಮೇಲಿನದನ್ನೇ ತೆಗೆದು ಕೊಟ್ಟ. ಭೀಮಸಿ ಅದನ್ನು ತಂದು ಹೆಂಡತಿಗೆ ಹೊದಿಸಿ, ತಲೆಯಿಂದ ಮೊಣಕಾಲವರೆಗೆ ಸುತ್ತಿ ಕೂರಿಸಿದ. "ಗಟ್ಟಿ ಉಸಿರ ತಗೋ ಬೇ" ಎಂದು ಹೇಳಿ ತಾನು ಮುಂದೆ ಹತ್ತಿದ. ಉಜ್ವಲಾ ಮೂಗು ಹಿಡಿದುಕೊಂಡಳು. ಮುಂದಿನ ತಿರುವು ದಾಟುವ ಮೊದಲೇ ಮಲಕವ್ವ ಕಂಬಳಿಯೊಳಗಿಂದ ಕೈ ಹೊರಗೆ ಹಾಕಿ ನಾಮದೇವನ ಭುಜ ಬಡಿದಳು. ಮತ್ತೆ ನಿಲ್ಲಿಸಿದರು. ಮಾಳೇಶ ತನ್ನ ಕಂಬಳಿಗಾಗಿ ಹಿಂದಿನಿಂದ ಓಡಿ ಬಂದ. ಕಂಬಳಿ ಮರಳಿ ಹೆಗಲಿಗೆ ಬೀಳುವವರೆಗೂ ಅವನಿಗೆ ಸಮಾಧಾನವಿರಲಿಲ್ಲ.

"ತಿರುಗಿ ಹೋಗೂಣೇನವ್ವ?" ಎಂದು ನಾಮದೇವ ಮೆಲ್ಲಗೆ ಕೇಳಿದ.

ಮಲಕವ್ವ ಎದ್ದು ನಿಂತು ರಸ್ತೆಯನ್ನು ನೋಡಿದಳು. ಚಿಕ್ಕೋಡಿಯ ಕಡೆಗೆ ಅದು ಇಳಿದು ಏರಿ ದೂರದವರೆಗೆ ಕಾಣುತ್ತಿತ್ತು. ನೋಡುತ್ತ ನಿಂತರೆ ಹೊಟ್ಟೆ ತಾನೇ ತಣ್ಣಗಾಗುತ್ತ ಬಂತು. ಅವಳು ಅವಸರ ಮಾಡಲಿಲ್ಲ. ಚಕ್ಕಡಿಯಲ್ಲಿ ತಾನು ಎಲ್ಲಿ ಕೂರುತ್ತಿದ್ದೆ? ಎತ್ತಿನ ಹಿಂದೆಯೇ. ಟ್ರ್ಯಾಕ್ಟರಿನ ಮೇಲೆ? ಗಾಲಿಯ ಮೇಲಿನ ತಗಡಿನ ಮೇಲೆ. ಕುರಿ ಹಿಂಡಿನ ಹಿಂದೆ ನಡೆಯುವಾಗ ಕಣ್ಣು ಯಾವಾಗಲೂ ದೂರದ ದಾರಿಯ ಮೇಲೆ. ಬಿಳಿ ಗಾಡಿಯಲ್ಲಿ ಅವತ್ತು ಎಮ್ಮೆ ಕಂಡಿತ್ತು, ತಿರುವು ಕಂಡಿತ್ತು, ಯಾರದೋ ಗೋವಿನಜೋಳ ಕಂಡಿತ್ತು. ಇವತ್ತು ಮುಂಜಾನೆಯಿಂದ ಕಂಡದ್ದು ಒಂದೇ, ಸೀಟಿನ ಬೆನ್ನು, ಅದರ ಮೇಲೊಂದು ಗುಲಾಬಿ ಪಟಕ.

"ಗಾಡಿದೂ ತಪ್ಪಿಲ್ಲ, ವಾಸನಿದೂ ತಪ್ಪಿಲ್ಲ" ಎಂದಳು. "ನನಗ ದಾರಿ ಕಾಣಬೇಕ. ನಾ ಮುಂದ ಕೂಡತೇನಿ."

ರಸ್ತೆ ಬದಿಯಲ್ಲಿ ನಿಂತ ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ನಾಮದೇವ ಟೈರು ನೋಡಿದ. ಉಜ್ವಲಾ ಆಯೇರಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಮುಂದ?" ಎಂದ ಭೀಮಸಿ. "ನೀ ಮುಂದ ಕುಂತ್ರ ನಾ?"

"ಹಿಂದ."

"ಚಿಕ್ಕೋಡಿ ಪ್ಯಾಟ್ಯಾಗ ಕುರಿ ವ್ಯಾಪಾರದವರು ಪೂರಾ ನನ್ನ ಗುರುತಿನವರ ಬೇ. ಹೊಸಾ ಗಾಡಿ ತಗೊಂಡ ಭೀಮಸಿ ಹಿಂದ ಕುಂತಾನ, ಹೇಣ್ತಿ ಮುಂದ ಕುಂತಾಳ ಅಂದ್ರ ನಾಳಿ ಸಂತ್ಯಾಗ ಮಾರಿ ತೋರಸೂದ ಬ್ಯಾಡೇನ? ಬೀಗರ ಬಾಗಲದಾಗ ಹಿಂದಿನ ಬಾಗಲ ತಗದ ಇಳೀಲೇನ ನಾನು?"

ಮಲಕವ್ವ ದನಿ ಏರಿಸಲಿಲ್ಲ. ಅವಳ ಮಾತು ಯಾವತ್ತೂ ಮೆಲ್ಲಗೇ. "ರೂಪಾಲಿ ಲಗ್ನದಾಗ ಅಕ್ಷತಿ ಬಿದ್ದದ್ದು ನೀವ ನೋಡೀರಿ. ಮುಂದ ನಿಂತ ನೋಡೀರಿ. ನಾ ಸದ್ದ ಕೇಳೀನಿ. ಇವತ್ತ ಹಾಲ ಉಕ್ಕೂದರ ನಾ ನೋಡಬ್ಯಾಡ ಏನ್ರಿ?"

ಭೀಮಸಿ ಪಟಕ ಸರಿಮಾಡಿಕೊಂಡು ದೂರದ ಹಿಂಡನ್ನು ನೋಡಿದ. ಮಾಳೇಶ ಅಲ್ಲಿಂದ ಇವರನ್ನೇ ನೋಡುತ್ತಿದ್ದ.

"ಒಂದ ಕರಾರು" ಎಂದ ಕೊನೆಗೆ. "ನಿಪ್ಪಾಣಿ ಊರ ಹೊರಗ ನಿಲ್ಲಸಬೇಕ. ಅಲ್ಲಿ ಜಾಗಾ ಬದಲ ಮಾಡೂಣು. ಬೀಗರ ಮುಂದ ನಾ ಮುಂದಿನಿಂದನ ಇಳಿಯಾಂವ."

"ಆತ್ರಿ" ಎಂದಳು ಮಲಕವ್ವ, ಆಗಲೇ ಮುಂದಿನ ಬಾಗಿಲು ತೆಗೆಯುತ್ತ.

ಚಿಕ್ಕೋಡಿ ಬರುವುದರೊಳಗೆ ಅವಳ ಮಾತು ಮರಳಿ ಬಂತು. "ನಾಮದೇವ, ಬಸ್ಸಿಗೆ ದಾರಿ ಬಿಡ... ಆ ಹೆಣ್ಣಮಗಳು ದಾಟತಾಳ, ತಡಿ... ಎಷ್ಟ ದೊಡ್ಡ ಊರ ಆಗೇತೋ ಇದು!" ಪೇಟೆಯಲ್ಲಿ ಗಾಡಿ ಸಂದಣಿಗೆ ಸಿಕ್ಕಿ ನಿಂತಿತು. ಹೊರಗಿನಿಂದ ಯಾರೋ, "ಏ, ಚಿಂಚಲಿ ಭೀಮಸಿ ಮಗ ಅಲ್ಲೇನ? ಅಪ್ಪ ಎಲ್ಲಿ?" ಎಂದು ಕೇಳಿದರು. ಭೀಮಸಿ ಅಷ್ಟರಲ್ಲಿ ಪಟಕ ತೆಗೆದು ಮಡಿಲಲ್ಲಿಟ್ಟುಕೊಂಡು, ಮೊಣಕಾಲ ನಡುವೆ ತಲೆ ಇಟ್ಟು, ಕಾಲ ಕೆಳಗೆ ಏನೋ ಬಿದ್ದದ್ದನ್ನು ಹುಡುಕುವವನಂತೆ ಬಗ್ಗಿದ್ದ. "ಮನ್ಯಾಗ ಅದಾರ್ರಿ" ಎಂದ ನಾಮದೇವ. ಉಜ್ವಲಾ ಸೆರಗಿನಲ್ಲಿ ಮುಖ ಮುಚ್ಚಿ ಕುಲುಕುಲು ನಕ್ಕಳು.

ಪೇಟೆ ಮುಗಿದರೂ ಭೀಮಸಿ ತಲೆ ಎತ್ತಲಿಲ್ಲ. ಆ ದಾರಿಯಲ್ಲಿ ಅವನ ಗುರುತಿನವರಿಲ್ಲದ ಊರೇ ಇರಲಿಲ್ಲ. ಗಾಡಿ ಎಲ್ಲಿ ನಿಧಾನವಾದರೂ ಮತ್ತೆ ಬಗ್ಗುವುದು, ಎದ್ದರೆ ಇನ್ನೊಂದು ಹಳ್ಳಿ, ಮತ್ತೆ ಬಗ್ಗುವುದು. ಮುಂದೆ ಮಲಕವ್ವ ಬೆಳೆ, ಬಾವಿ, ಬಸ್ ನಿಲ್ದಾಣ, ಒಂದೊಂದನ್ನೂ ಹೆಸರು ಹಿಡಿದು ಕರೆಯುವವಳಂತೆ ನೋಡುತ್ತಿದ್ದಳು. ಇಷ್ಟು ವರ್ಷ ಈ ದಾರಿಯಲ್ಲಿ ಅವಳು ಕಂಡದ್ದು ತನ್ನ ಸೆರಗಿನ ಒಳಬದಿ ಮಾತ್ರ.

ನಿಪ್ಪಾಣಿ ಇನ್ನೇನು ಬಂತು ಎನ್ನುವಾಗ ನಾಮದೇವ ಕರಾರಿನಂತೆ ಗಾಡಿಯನ್ನು ಬದಿಗೆ ಹಾಕಲು ಹೋದ. "ಅಪ್ಪಾ, ಬಾ ಮುಂದ."

ಮಲಕವ್ವ ತಿರುಗಿ ನೋಡಿದಳು. ಗಂಡನ ಹಣೆಯ ಮೇಲೆ ಬೆವರಿನ ಹನಿ ಸಾಲಾಗಿ ನಿಂತಿದ್ದವು. ಪಟಕದ ತುದಿ ಬಾಯಿಗೆ ಹೋಗಿತ್ತು. ಆ ಮುಖ ಅವಳಿಗೆ ಹೊಸದಲ್ಲ. ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದಳು.

"ನಿಲ್ಲಸಬ್ಯಾಡ" ಎಂದ ಭೀಮಸಿ ಹಲ್ಲು ಕಚ್ಚಿ. "ಸುಮ್ನ ಹೊಡಿ. ನಿಂತ್ರ ಹೊರಗ ಬರತೈತಿ."

"ಕಣ್ಣ ಎತ್ತಿ ದೂರ ನೋಡ್ರಿ" ಎಂದಳು ಮಲಕವ್ವ.

"ಏನ ನೋಡ್ಲಿ? ನಿನ್ನ ತುರುಬ ಬಿಟ್ಟ ಏನೂ ಕಾಣವಲ್ದು."

ಹೊಸ ಮನೆಯ ಮುಂದೆ ಚಪ್ಪರ, ಬಾಳೆಕಂಬ, ಬೀಗರ ಮಂದಿ. ಗಾಡಿ ನಿಂತದ್ದೇ ತಡ, ರೂಪಾಲಿ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಟವೆಲ್ಲು ಹಿಡಿದು ಓಡಿ ಬಂದಳು. ತಾಯಿಯ ಕತೆ ಅವಳಿಗೆ ಗೊತ್ತಿದ್ದದ್ದೇ. ಒಳಗಿನ ಕೋಣೆಯಲ್ಲಿ ಚಾಪೆ, ತಲೆದಿಂಬು ಮುಂಜಾನೆಯೇ ಸಿದ್ಧ ಮಾಡಿಟ್ಟಿದ್ದಳು. ನೇರ ಹೋಗಿ ಹಿಂದಿನ ಬಾಗಿಲು ತೆಗೆದು, "ಯವ್ವಾ, ಸಾವಕಾಶ ಇಳಿ, ನನ್ನ ಹೆಗಲ ಹಿಡಿ" ಎಂದಳು.

ಅವಳ ಹೆಗಲ ಮೇಲೆ ಬಿದ್ದದ್ದು ಅಪ್ಪನ ಕೈ.

"ಅಪ್ಪಾ?"

ಮುಂದಿನ ಬಾಗಿಲಿನಿಂದ ಮಲಕವ್ವ ಇಳಿದು, ಇಳಕಲ್ಲ ಸೀರೆಯ ನಿರಿಗೆ ಸರಿಮಾಡಿಕೊಂಡಳು. ಬೀಗತಿ ಸೋನಾಬಾಯಿ ಎದುರಿಗೆ ಬಂದು ಕಣ್ಣರಳಿಸಿ, "ಅಗಬಾಯಿ! ಬೀಗತ್ಯಾರ ನಡಕೊಂಡ ಬರಾಕತ್ತಾರಲ್ರೀ" ಎಂದಳು.

"ಹಸಿವ್ಯಾಗೇತ್ರಿ" ಎಂದಳು ಮಲಕವ್ವ. ಅದು ನಿಜವಾಗಿತ್ತು.

ಭೀಮಸಿಯನ್ನು ಇಬ್ಬರು ಗಂಡಸರು ರಟ್ಟೆ ಹಿಡಿದು ಒಳಗೆ ಕರೆದೊಯ್ದರು. ಚಾಪೆ, ತಲೆದಿಂಬು ವ್ಯರ್ಥವಾಗಲಿಲ್ಲ. ಕೋಣೆಯ ಬಾಗಿಲಿನಿಂದ ಅಡಿಗೆಮನೆ ಕಾಣುತ್ತಿರಲಿಲ್ಲ, ಆದರೆ ಮಾತು ಕೇಳುತ್ತಿತ್ತು.

ಒಲೆಯ ಮುಂದೆ ರೂಪಾಲಿ, ಅವಳ ಬಾಜೂಕ ಮಲಕವ್ವ. ಹೊಸ ಪಾತ್ರೆಯಲ್ಲಿ ಹಾಲು ಮೊದಲು ಅಂಚಿನಲ್ಲಿ ನಡುಗಿತು, ಆಮೇಲೆ ನಡುವಿನಲ್ಲಿ ಉಬ್ಬಿತು. ಯಾರೋ ಒಲೆ ಸಣ್ಣ ಮಾಡಲು ಕೈ ಚಾಚಿದರೆ ಮಲಕವ್ವ ಆ ಕೈ ಹಿಡಿದು ತಡೆದಳು. ರೆಪ್ಪೆ ಮಿಟುಕಿಸದೆ ನೋಡಿದಳು. ನೊರೆ ಏರಿ, ಬಾಯಿ ತುಂಬಿ, ಒಂದು ಬದಿಯಿಂದ ಸುರಿಯಿತು. ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ರೂಪಾಲಿ ತಾಯಿಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಒಳಗಿನ ಕೋಣೆಯಿಂದ ಸೋತ ದನಿಯೊಂದು ಬಂತು. "ಉಕ್ಕಿತೇನ ಬೇ?"

"ಉಕ್ಕಿತ್ರಿ" ಎಂದಳು ಮಲಕವ್ವ. "ಮೂಡಣ ದಿಕ್ಕಿಗೆ ಉಕ್ಕಿತ್ರಿ. ಬೆಳ್ಳಗ, ಪಾತ್ರಿ ತುಂಬ. ನೀವ ಮಲಕೋರಿ, ಬಂದ ಎಲ್ಲಾ ಹೇಳತೇನಿ."